ಹಚ್ಚೆಯ ಅಂಗಡಿಯಲ್ಲಿ ಶುಚಿತ್ವ

ಹಚ್ಚೆ ಹಾಕಿಸಿಕೊಳ್ಳುವ ಪದ್ಧತಿ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಕೊರವಂಜಿಯರು ಊರೂರು ತಿರುಗಿ, ನಾಲ್ಕಾರು ಸೂಜಿಗಳನ್ನು ಒಟ್ಟಿಗೆ ಕಟ್ಟಿ, ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಹೆಣ್ಣುಮಕ್ಕಳ ಮುಂಗೈಗೂ ಹಣೆಗೂ ಹಚ್ಚೆ ಚುಚ್ಚಿ, ಮೇಲೆ ಅರಿಸಿನ ಬಳಿದು, ಅಕ್ಕಿಯನ್ನೋ ಹಳೆಯ ಸೀರೆಯನ್ನೋ ಪಡೆದು ಹೋಗುತ್ತಿದ್ದುದನ್ನು ಹಿರಿಯರು ಬಲ್ಲರು. ಉಳಿದ ಒಡವೆಗಳೆಲ್ಲ ಇಲ್ಲಿಯೇ ಉಳಿಯುವುವು, ಹಚ್ಚೆಯೊಂದೇ ಸತ್ತ ಮೇಲೂ ಜೊತೆಗೆ ಬರುವುದು ಎಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿತ್ತು. ನಡುವೆ ಕೆಲವು ಕಾಲ ಪಟ್ಟಣದ ವಿದ್ಯಾವಂತರು ಅದನ್ನು ಹಳೆಯ ಕಾಲದ ರೂಢಿಯೆಂದು ಬಿಟ್ಟಿದ್ದರು. ಈಗ ಅವರ ಮಕ್ಕಳೂ ಮೊಮ್ಮಕ್ಕಳೂ ಅದೇ ಹಚ್ಚೆಯನ್ನು ಟ್ಯಾಟೂ ಎಂಬ ಹೆಸರಿನಿಂದ, ಕನ್ನಡಿಯ ಬಾಗಿಲಿನ ಅಂಗಡಿಗಳಲ್ಲಿ, ಸಾವಿರಾರು ರೂಪಾಯಿ ತೆತ್ತು ಹಾಕಿಸಿಕೊಳ್ಳುತ್ತಿದ್ದಾರೆ.

ಹಚ್ಚೆ ಚೆನ್ನೋ ಅಲ್ಲವೋ ಎಂಬ ಚರ್ಚೆ ಇಲ್ಲಿ ನಮಗೆ ಬೇಡ. ಅದು ಅವರವರ ಅಭಿರುಚಿಗೆ ಬಿಟ್ಟದ್ದು. ನಾವು ವಿಚಾರಮಾಡತಕ್ಕ ಪ್ರಶ್ನೆ ಇದು: ಒಬ್ಬರ ಚರ್ಮವನ್ನು ಚುಚ್ಚಿದ ಉಪಕರಣವು ಇನ್ನೊಬ್ಬರ ಚರ್ಮವನ್ನು ಮುಟ್ಟುವುದಕ್ಕೆ ಮುಂಚೆ ಅದಕ್ಕೆ ಏನೇನು ಸಂಸ್ಕಾರವಾಗಬೇಕು? ಅಂಗಡಿ ಥಳಥಳಿಸುತ್ತಿದ್ದರೆ ಸಾಕೆಂದು ಅನೇಕರು ತಿಳಿದಿದ್ದಾರೆ. ಕಣ್ಣಿಗೆ ಶುಚಿಯಾಗಿ ಕಾಣುವುದು ಬೇರೆ, ನಿಜವಾಗಿ ಶುಚಿಯಾಗಿರುವುದು ಬೇರೆ. ಈ ಎರಡರ ಅಂತರವನ್ನು ಗ್ರಹಿಸಿದವರಿಗೆ ಮಿಕ್ಕದ್ದೆಲ್ಲ ಸುಲಭವಾಗಿ ತಿಳಿಯುತ್ತದೆ.

ಮೊದಲು ಹಚ್ಚೆಯೆಂದರೆ ಏನೆಂಬುದನ್ನು ನೋಡೋಣ. ನಮ್ಮ ಚರ್ಮಕ್ಕೆ ಮುಖ್ಯವಾಗಿ ಎರಡು ಪದರಗಳುಂಟು. ಹೊರಪದರವು ದಿನದಿನವೂ ಸವೆದು ಉದುರುತ್ತದೆ, ಅದರಲ್ಲಿ ರಕ್ತನಾಳಗಳಿಲ್ಲ. ಒಳಪದರವು ಸ್ಥಿರವಾದುದು, ಅದರಲ್ಲಿ ಸಣ್ಣ ಸಣ್ಣ ರಕ್ತನಾಳಗಳು ಬಲೆಯಂತೆ ಹಬ್ಬಿವೆ. ಬಣ್ಣವು ಹೊರಪದರದಲ್ಲಿ ಬಿದ್ದರೆ ಕೆಲವು ವಾರಗಳಲ್ಲಿ ಉದುರಿಹೋಗುತ್ತದೆ. ಆದುದರಿಂದ ಸೂಜಿಯು ಹೊರಪದರವನ್ನು ದಾಟಿ, ಒಂದರಿಂದ ಎರಡು ಮಿಲಿಮೀಟರಿನ ಆಳಕ್ಕೆ, ಒಳಪದರಕ್ಕೆ ಇಳಿಯಬೇಕು. ಅಲ್ಲಿ ಬಿದ್ದ ಬಣ್ಣದ ಕಣಗಳನ್ನು ದೇಹದ ರಕ್ಷಕ ಕೋಶಗಳು ಪರವಸ್ತುವೆಂದು ನುಂಗುತ್ತವೆ. ಆದರೆ ಜೀರ್ಣಿಸಿಕೊಳ್ಳಲಾರದೆ ಹೊಟ್ಟೆಯಲ್ಲಿಟ್ಟುಕೊಂಡು ಅಲ್ಲಿಯೇ ನಿಲ್ಲುತ್ತವೆ. ಇಂಥ ಕೋಶವೊಂದು ಸತ್ತರೆ ಅದು ಬಿಟ್ಟ ಬಣ್ಣವನ್ನು ಪಕ್ಕದಲ್ಲಿ ಹುಟ್ಟಿದ ಹೊಸ ಕೋಶ ನುಂಗುತ್ತದೆಂಬುದನ್ನು 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ಹಚ್ಚೆಯು ಬಾಳಿನುದ್ದಕ್ಕೂ ಉಳಿಯುವ ರಹಸ್ಯವಿದು. ಹಚ್ಚೆಯೆಂದರೆ ಗೋಡೆಗೆ ಬಳಿದ ಬಣ್ಣದಂತಲ್ಲ. ಅದು ಸಾವಿರಾರು ಸಣ್ಣ ಗಾಯಗಳ ಮೊತ್ತ. ಪ್ರತಿಯೊಂದು ಗಾಯವೂ ರಕ್ತಕ್ಕೆ ತೆರೆದ ಬಾಗಿಲು.

ಕೈಸೂಜಿಯ ಕಾಲದಲ್ಲಿ ಈ ಬಾಗಿಲುಗಳು ನಿಧಾನವಾಗಿ ತೆರೆಯುತ್ತಿದ್ದವು. 1876ರಲ್ಲಿ ಎಡಿಸನ್ ಮಹಾಶಯನು ಕಾಗದದಲ್ಲಿ ರಂಧ್ರಗಳನ್ನು ಮಾಡಿ ಪ್ರತಿಗಳನ್ನು ತೆಗೆಯಲು ವಿದ್ಯುತ್ತಿನ ಲೇಖನಿಯೊಂದಕ್ಕೆ ಹಕ್ಕುಪತ್ರ ಪಡೆದನು. ಆ ತತ್ತ್ವವನ್ನೇ ಹಿಡಿದು ನ್ಯೂಯಾರ್ಕಿನ ಸ್ಯಾಮುಯಲ್ ಓರೈಲಿ ಎಂಬವನು 1891ರಲ್ಲಿ ಹಚ್ಚೆಯ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಇಂದಿನ ಯಂತ್ರದ ಸೂಜಿಯು ನಿಮಿಷಕ್ಕೆ ಸಾವಿರಾರು ಬಾರಿ ಏರಿಳಿಯುತ್ತದೆ. ಕೆಲಸ ಬೇಗನಾಯಿತು, ರೇಖೆ ನಯವಾಯಿತು. ಹಾಗೆಯೇ ಗಾಯಗಳ ಸಂಖ್ಯೆಯೂ ಬೆಳೆಯಿತು. ಇಷ್ಟಲ್ಲದೆ, ಸೂಜಿಯು ಓಡಾಡುವ ಕೊಳವೆ, ಕೈಹಿಡಿ, ಬಣ್ಣದ ಬಟ್ಟಲು, ತೊಳೆಯುವ ನೀರಿನ ಬಾಟಲು ಎಂದು ರಕ್ತವು ತಾಗಬಹುದಾದ ವಸ್ತುಗಳೂ ಹೆಚ್ಚಿದವು.

ರಕ್ತದ ಮೂಲಕ ಹರಡುವ ರೋಗಗಳಲ್ಲಿ ಇಲ್ಲಿ ಗಣನೆಗೆ ಬರತಕ್ಕವು ಮೂರು: ಬಿ ಜಾತಿಯ ಕಾಮಾಲೆ, ಸಿ ಜಾತಿಯ ಕಾಮಾಲೆ, ಮತ್ತು ಏಡ್ಸ್ ರೋಗವನ್ನು ತರುವ ಎಚ್ಐವಿ. ಜನರು ಹೆಚ್ಚಾಗಿ ಹೆದರುವುದು ಮೂರನೆಯದಕ್ಕೆ. ಲೆಕ್ಕ ಬೇರೆ ಹೇಳುತ್ತದೆ. ಆಸ್ಪತ್ರೆಗಳಲ್ಲಿ ರೋಗಿಯ ರಕ್ತ ತಾಗಿದ ಸೂಜಿ ನೌಕರರಿಗೆ ಅಕಸ್ಮಾತ್ತಾಗಿ ಚುಚ್ಚಿದ ಪ್ರಸಂಗಗಳನ್ನು ವೈದ್ಯರು ಬಹುಕಾಲದಿಂದ ಗಮನಿಸುತ್ತ ಬಂದಿದ್ದಾರೆ. ಎಚ್ಐವಿ ತಗಲುವ ಸಂಭವ ಸಾವಿರಕ್ಕೆ ಸುಮಾರು 3. ಸಿ ಕಾಮಾಲೆಯದು ನೂರಕ್ಕೆ ಸುಮಾರು 2. ಲಸಿಕೆ ಪಡೆಯದವರಿಗೆ ಬಿ ಕಾಮಾಲೆಯದು ನೂರಕ್ಕೆ 6ರಿಂದ 30ರವರೆಗೆ. ಔಷಧ ಚುಚ್ಚುವ ಸೂಜಿ ಟೊಳ್ಳಾದುದು, ಹಚ್ಚೆಯ ಸೂಜಿ ಗಟ್ಟಿಯಾದುದು; ಆದಕಾರಣ ಹಚ್ಚೆಯ ಸೂಜಿಯು ಒಂದು ಸಲಕ್ಕೆ ಹೊರುವ ರಕ್ತ ಕಡಮೆ. ಆದರೆ ಅದು ಚುಚ್ಚುವುದು ಒಂದು ಸಲವಲ್ಲವಷ್ಟೆ! ಜೊತೆಗೆ, ಬಿ ಕಾಮಾಲೆಯ ವೈರಸ್ಸು ಒಣಗಿದ ರಕ್ತದಲ್ಲಿ ಕಡಮೆಯೆಂದರೆ 7 ದಿನಗಳವರೆಗೆ ಬದುಕಿರಬಲ್ಲದು. ಕಣ್ಣಿಗೆ ಕಾಣದಷ್ಟು ಅಲ್ಪವಾದ ರಕ್ತವೂ ಅದಕ್ಕೆ ಸಾಕು. ಸೋಮವಾರ ಬಂದ ಗಿರಾಕಿಯ ರಕ್ತದ ಕಣವೊಂದು ಕೈಹಿಡಿಯ ಸಂದಿನಲ್ಲಿ ಉಳಿದರೆ ಶನಿವಾರ ಬಂದವರಿಗೆ ಅದು ಅಪಾಯಕರವಾಗಬಹುದು.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ಆ ಯಂತ್ರ ಹುಟ್ಟಿದ ನಗರದ ಚರಿತ್ರೆಯೇ ಸಾಕ್ಷಿ. ನ್ಯೂಯಾರ್ಕಿನ ಹಳೆಯ ಅಂಗಡಿಗಳಲ್ಲಿ ಒಂದೇ ಬಕೆಟ್ಟಿನ ನೀರು, ಒಂದೇ ಸ್ಪಂಜು, ಒಂದೇ ಸೂಜಿ ಅನೇಕರಿಗೆ ಸಲ್ಲುತ್ತಿದ್ದವು. ಹಚ್ಚೆ ಹಾಕಿಸಿಕೊಂಡವರಲ್ಲಿ ಕಾಮಾಲೆ ಕಂಡುಬಂದುದರಿಂದ 1961ರಲ್ಲಿ ಆ ನಗರದ ಆರೋಗ್ಯ ಇಲಾಖೆಯು ಹಚ್ಚೆಯ ವೃತ್ತಿಯನ್ನೇ ನಿಷೇಧಿಸಿತು. ನಿಷೇಧವು 1997ರವರೆಗೆ, ಎಂದರೆ 36 ವರ್ಷಗಳ ಕಾಲ, ಜಾರಿಯಲ್ಲಿತ್ತು. ಹಚ್ಚೆ ನಿಂತಿತೇ? ಇಲ್ಲ. ಬೀದಿಯ ಅಂಗಡಿಯಿಂದ ಮನೆಗಳ ಒಳಕೋಣೆಗೆ, ಯಾವ ಅಧಿಕಾರಿಯೂ ಕಾಲಿಡದ ಜಾಗಕ್ಕೆ, ಅದು ಸರಿಯಿತು. ಕಡೆಗೆ ನಿಷೇಧವನ್ನು ತೆಗೆದು, ರೋಗ ಹರಡದಂತೆ ಕೆಲಸಮಾಡುವ ಶಿಕ್ಷಣ ಪಡೆದವರಿಗೆ ಮಾತ್ರ ಪರವಾನಗಿ ಎಂಬ ಏರ್ಪಾಡನ್ನು ಮಾಡಿದರು. ಅಪಾಯವಿರುವುದು ಹಚ್ಚೆಯಲ್ಲಲ್ಲ, ಹಚ್ಚೆಯ ಅಶುಚಿಯಲ್ಲಿ. ಅಶುಚಿಯನ್ನು ಹೋಗಲಾಡಿಸುವ ಮಾರ್ಗವೂ ತಿಳಿದದ್ದೇ ಎಂಬುದು ಈ ಏರ್ಪಾಡಿನ ಅರ್ಥ.

ಆ ಮಾರ್ಗ ಯಾವುದು? ಶುಚಿಯಲ್ಲಿ ಮೂರು ಮೆಟ್ಟಲುಗಳನ್ನು ನಾವು ಎಣಿಸಬೇಕು. ಮೊದಲನೆಯದು ತೊಳೆಯುವುದು: ಇದರಿಂದ ಕೊಳೆ ಹೋಗುತ್ತದೆ, ಕ್ರಿಮಿಗಳ ಸಂಖ್ಯೆ ಕುಗ್ಗುತ್ತದೆ. ಎರಡನೆಯದು ಕ್ರಿಮಿನಾಶನ: ಸ್ಪಿರಿಟ್ಟು, ಬ್ಲೀಚಿಂಗ್ ದ್ರಾವಣ ಮೊದಲಾದವುಗಳಿಂದ ಬಹುಪಾಲು ಕ್ರಿಮಿಗಳು ಸಾಯುತ್ತವೆ. ಮೂರನೆಯದು, ಯಾವ ಜೀವಿಯೂ ಉಳಿಯದಂತೆ ಮಾಡುವುದು. ವೈದ್ಯರು ಸ್ಟೆರಿಲೈಸೇಷನ್ ಎನ್ನುವ ಇದನ್ನು ನಾವು ನಿಷ್ಕ್ರಿಮೀಕರಣ ಎಂದು ಕರೆಯಬಹುದು. ಮೇಜು, ಕುರ್ಚಿ, ದೀಪಗಳಿಗೆ ಎರಡನೆಯ ಮೆಟ್ಟಲು ಸಾಕು. ಚರ್ಮವನ್ನು ಸೀಳಿ ಒಳಹೋಗುವ ವಸ್ತುವಿಗೆ ಮೂರನೆಯದೇ ಬೇಕು. ಅದಕ್ಕಿಂತ ಕಡಮೆಯದು ಸಲ್ಲದು.

“ನೀರಿನಲ್ಲಿ ಚೆನ್ನಾಗಿ ಕುದಿಸಿದರೆ ಸಾಲದೆ?” ಎಂದು ಕೇಳುವವರುಂಟು. ಕುದಿಯುವ ನೀರಿನಲ್ಲಿ ಸಾಮಾನ್ಯ ಕ್ರಿಮಿಗಳು ಸಾಯುತ್ತವೆಂಬುದು ನಿಜ. ಆದರೆ ಕೆಲವು ಜಾತಿಯ ಕ್ರಿಮಿಗಳಿಗೆ ಒಂದು ವಿಚಿತ್ರ ಶಕ್ತಿಯುಂಟು. ಕಾಲ ಕೆಟ್ಟಿತೆಂದು ಕಂಡಾಗ ಅವು ತಮ್ಮ ಜೀವಸಾರವನ್ನು ಗಟ್ಟಿಯಾದ ಕವಚದೊಳಗೆ ಅಡಗಿಸಿ, ಬೇಸಗೆಯ ನೆಲದಲ್ಲಿ ಬಿತ್ತ ಮಲಗಿರುವಂತೆ, ವರ್ಷಗಟ್ಟಲೆ ನಿಶ್ಚೇಷ್ಟವಾಗಿರುತ್ತವೆ. ಅನುಕೂಲ ಒದಗಿದ ಕೂಡಲೆ ಮತ್ತೆ ಎದ್ದು ಬೆಳೆಯುತ್ತವೆ. ಇಂಥವಕ್ಕೆ ಬೀಜಾಣುಗಳೆಂದು ಹೆಸರು. ಧನುರ್ವಾಯುವನ್ನು ತರುವ ಕ್ರಿಮಿ ಈ ಗುಂಪಿಗೆ ಸೇರಿದ್ದು. ಬೀಜಾಣುಗಳಲ್ಲಿ ಅನೇಕವು ಕುದಿನೀರಿಗೆ ಅಂಜುವುದಿಲ್ಲ. ನಮ್ಮ ನಾಡಿನ ಮಟ್ಟಿಗೆ ಇನ್ನೊಂದು ಕೊರತೆಯೂ ಇದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರು ಎತ್ತರದಲ್ಲಿರುವುದರಿಂದ ಅಲ್ಲಿ ನೀರು 100 ಡಿಗ್ರಿಗೆ ಬದಲಾಗಿ ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಮತ್ತಷ್ಟು ಉರಿ ಹಾಕಿದರೆ ನೀರು ಬೇಗ ಆವಿಯಾದೀತೇ ಹೊರತು ಹೆಚ್ಚು ಬಿಸಿಯಾಗದು.

ಸ್ಪಿರಿಟ್ಟಿನ ವಿಷಯವೂ ಹೀಗೆಯೇ. ನೂರಕ್ಕೆ 70 ಪಾಲಿನ ಸ್ಪಿರಿಟ್ಟು ಚರ್ಮವನ್ನು ಒರೆಸಲು ಒಳ್ಳೆಯದು. ಬೀಜಾಣುಗಳನ್ನು ಅದು ಕೊಲ್ಲಲಾರದು. ಕೆಲವು ಅಂಗಡಿಗಳಲ್ಲಿ ನೀಲಿಯ ಬೆಳಕು ಸೂಸುವ ಪೆಟ್ಟಿಗೆಯೊಂದನ್ನು ಗಿರಾಕಿಗಳ ಕಣ್ಣಿಗೆ ಬೀಳುವಂತೆ ಇಟ್ಟಿರುತ್ತಾರೆ. ಅದರಿಂದ ಬರುವ ಅತಿನೇರಳೆ ಕಿರಣಗಳು ತಾವು ನೇರವಾಗಿ ಬಿದ್ದ ಕಡೆ ಮಾತ್ರ ಕೆಲಸಮಾಡುತ್ತವೆ. ಕೊಳವೆಯ ಒಳಗೂ, ಸೂಜಿಗಳ ನಡುವಣ ಸಂದಿಗೂ, ನೆರಳಿನ ಭಾಗಕ್ಕೂ ಅವು ಹೋಗವು. ಶುದ್ಧವಾದ ವಸ್ತುವನ್ನು ಇಟ್ಟುಕೊಳ್ಳಲು ಅಂಥ ಪೆಟ್ಟಿಗೆ ಸರಿ. ಅಶುದ್ಧವನ್ನು ಶುದ್ಧಮಾಡುವುದಕ್ಕೆ ಸಾಲದು. ಸೂಜಿಯ ಮೊನೆಯನ್ನು ಬೆಂಕಿಯಲ್ಲಿ ಕಾಯಿಸುವ ಹಳೆಯ ವಿಧಾನದಲ್ಲಿ ಮೊನೆ ಕೆಂಪಗಾದಷ್ಟು ಮಾತ್ರ ಶುದ್ಧವಾಗುತ್ತದೆ. ಹಿಂದಿನ ಭಾಗ ಹಾಗೆಯೇ ಉಳಿಯುತ್ತದೆ, ಸೂಜಿಯೂ ಕೆಡುತ್ತದೆ.

ಹಾಗಾದರೆ ಬೀಜಾಣುಗಳನ್ನು ಕೊಲ್ಲುವ ಬಗೆ ಯಾವುದು? ಉತ್ತರ ನಮ್ಮ ಅಡಿಗೆಮನೆಯಲ್ಲಿಯೇ ಇದೆ. 1679ರಲ್ಲಿ ಡೆನಿಸ್ ಪಪ್ಯಾಂ ಎಂಬ ಫ್ರಾನ್ಸ್ ದೇಶದವನು ಬಿಗಿಯಾದ ಮುಚ್ಚಳದ ಪಾತ್ರೆಯಲ್ಲಿ ಆವಿಯನ್ನು ಹಿಡಿದಿಟ್ಟು, ಗಟ್ಟಿ ಮೂಳೆಗಳನ್ನೂ ಮೆತ್ತಗೆ ಬೇಯಿಸಿ ತೋರಿಸಿದನು. ಒತ್ತಡ ಹೆಚ್ಚಿದಂತೆ ನೀರು ಕುದಿಯುವ ಉಷ್ಣತೆಯೂ ಏರುತ್ತದೆಂಬ ತತ್ತ್ವ ಅದರಲ್ಲಿತ್ತು. ಇನ್ನೂರು ವರ್ಷಗಳ ಮೇಲೆ, 1879ರಲ್ಲಿ, ಪಾಶ್ಚರ್ ಮಹಾಶಯನ ಸಹೋದ್ಯೋಗಿ ಷಾರ್ಲ್ ಷಾಂಬರ್ಲಾಂ ಇದೇ ತತ್ತ್ವದ ಮೇಲೆ ಆಟೋಕ್ಲೇವ್ ಎಂಬ ಯಂತ್ರವನ್ನು ನಿರ್ಮಿಸಿದನು. ಚದರ ಅಂಗುಲಕ್ಕೆ 15 ಪೌಂಡು ಹೆಚ್ಚಿನ ಒತ್ತಡದಲ್ಲಿ ಆವಿಯ ಉಷ್ಣತೆ 121 ಡಿಗ್ರಿಗೇರುತ್ತದೆ. ಬರಿಯ ಉಪಕರಣಗಳನ್ನು ಆ ಉಷ್ಣತೆಯಲ್ಲಿ 15 ನಿಮಿಷ, ಪೊಟ್ಟಣ ಕಟ್ಟಿದವನ್ನು ಸಾಧಾರಣ ಯಂತ್ರದಲ್ಲಿ 30 ನಿಮಿಷ ಇಟ್ಟರೆ ಬೀಜಾಣುಗಳೂ ಸಾಯುತ್ತವೆ. ಒಳಗಿನ ಗಾಳಿಯನ್ನು ಪಂಪಿನಿಂದ ಎಳೆದು ಹೊರಹಾಕುವ ಯಂತ್ರಗಳಲ್ಲಿ 134 ಡಿಗ್ರಿಯಲ್ಲಿ 3-4 ನಿಮಿಷ ಸಾಕು.

ಒಣಶಾಖದಿಂದಲೂ ನಿಷ್ಕ್ರಿಮೀಕರಣ ಸಾಧ್ಯ. ಆದರೆ ಅದಕ್ಕೆ 160 ಡಿಗ್ರಿಯಲ್ಲಿ 2 ಗಂಟೆ ಬೇಕು. ಆವಿಗೆ ಈ ಹೆಚ್ಚಿನ ಬಲ ಎಲ್ಲಿಂದ ಬಂತು? ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಆವಿಗೆ ಕೈಯೊಡ್ಡಿದವರಿಗೆ ಇದರ ಅನುಭವವಿದೆ. ಕಾದ ಗಾಳಿಗೆ ಕ್ಷಣಕಾಲ ಕೈಯೊಡ್ಡಬಹುದು. ಆವಿ ತಾಗಿದೊಡನೆ ಬೊಬ್ಬೆ ಏಳುತ್ತದೆ. ಒಂದು ಗ್ರಾಂ ಆವಿಯು ನೀರಾಗುವಾಗ ಸುಮಾರು 540 ಕ್ಯಾಲೊರಿ ಶಾಖವನ್ನು ತಾನು ಮುಟ್ಟಿದ ವಸ್ತುವಿಗೆ ಕೊಟ್ಟುಬಿಡುತ್ತದೆ. ಅದರ ಜೊತೆಗೆ, ತೇವವಿದ್ದಲ್ಲಿ ಜೀವಿಗಳ ಪ್ರೋಟೀನು ಬೇಗ ಹೆಪ್ಪುಗಟ್ಟುತ್ತದೆ. ಹೀಗೆ ಶಾಖ ಮತ್ತು ತೇವ ಇವೆರಡೂ ಕೂಡಿ ಕ್ರಿಮಿಯನ್ನು ಕೊಲ್ಲುತ್ತವೆ.

ಇದರಿಂದ ಎರಡು ನಿಯಮಗಳು ಹೊರಡುತ್ತವೆ. ಯಂತ್ರದೊಳಗಿನ ಗಾಳಿಯೆಲ್ಲ ಹೊರಹೋಗಿರಬೇಕು. ಗಾಳಿ ಉಳಿದ ಮೂಲೆಗೆ ಆವಿ ತಲಪದು, ಮುಳ್ಳು ಸರಿಯಾದ ಒತ್ತಡವನ್ನೇ ತೋರಿಸಿದರೂ ಉಷ್ಣತೆ ಅಲ್ಲಿ ಕಡಮೆಯಿರುತ್ತದೆ. ಆದಕಾರಣ ಉಪಕರಣಗಳನ್ನು ಒತ್ತೊತ್ತಾಗಿ ತುಂಬಬಾರದು. ಕೊಳವೆಗಳ ಬಾಯಿ ತೆರೆದಿರಬೇಕು. ಎರಡನೆಯದಾಗಿ, ಒತ್ತಡವನ್ನು ಮಾತ್ರ ನೋಡದೆ ಉಷ್ಣಮಾಪಕವನ್ನೂ ನೋಡಬೇಕು. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಮೆಯಿರುವುದರಿಂದ 121 ಡಿಗ್ರಿಯನ್ನು ಮುಟ್ಟಲು ಮುಳ್ಳು 15ಕ್ಕೆ ಬದಲು ಸುಮಾರು 16½ ಪೌಂಡನ್ನು ತೋರಿಸಬೇಕಾಗುತ್ತದೆ.

ಇನ್ನು ಕಾಲದ ಮಾತು. ಕ್ರಿಮಿಗಳು ಒಂದೇ ಏಟಿಗೆ ಸಾಯುವುದಿಲ್ಲ, ಸರದಿಯಂತೆ ಸಾಯುತ್ತವೆ. ಆಟೋಕ್ಲೇವಿನ ಪರೀಕ್ಷೆಗೆ ಬಳಸುವ ಅತ್ಯಂತ ಗಟ್ಟಿಯಾದ ಬೀಜಾಣುಗಳಲ್ಲಿ, 121 ಡಿಗ್ರಿಯಲ್ಲಿ, ಹತ್ತರಲ್ಲಿ ಒಂಬತ್ತು ಸಾಯಲು ಸುಮಾರು ಒಂದೂವರೆ ನಿಮಿಷ ಬೇಕು ಎಂದಿಟ್ಟುಕೊಳ್ಳೋಣ. ಮುಂದಿನ ಒಂದೂವರೆ ನಿಮಿಷದಲ್ಲಿ ಉಳಿದ ಹತ್ತನೆಯ ಪಾಲಿನಲ್ಲಿ ಮತ್ತೆ ಹತ್ತಕ್ಕೆ ಒಂಬತ್ತು ಸಾಯುತ್ತವೆ. ಹತ್ತು ಲಕ್ಷದಿಂದ ಮೊದಲುಮಾಡಿದರೆ 9 ನಿಮಿಷಕ್ಕೆ ಒಂದು ಉಳಿದಿರುತ್ತದೆ. 15 ನಿಮಿಷಕ್ಕೆ, ಇಂಥ ಹತ್ತು ಸಾವಿರ ಉಪಕರಣಗಳಲ್ಲಿ ಒಂದರ ಮೇಲೆ ಒಂದು ಬೀಜಾಣು ಉಳಿದಿರಬಹುದು. ವೈದ್ಯಶಾಸ್ತ್ರವು ಒಪ್ಪುವ ಮಟ್ಟ ಇದಕ್ಕಿಂತ ಕಟ್ಟುನಿಟ್ಟಾದುದು: ಹತ್ತು ಲಕ್ಷ ಉಪಕರಣಗಳಲ್ಲಿ ಒಂದಕ್ಕಿಂತ ಹೆಚ್ಚು ಕೆಟ್ಟಿರಕೂಡದು. ಮೊದಲೇ ಚೆನ್ನಾಗಿ ತೊಳೆದು, ಕ್ರಿಮಿಗಳ ಸಂಖ್ಯೆಯನ್ನು ಹತ್ತು ಲಕ್ಷದಿಂದ ನೂರಕ್ಕೆ ಇಳಿಸಿ ಆಮೇಲೆ ಆಟೋಕ್ಲೇವಿಗೆ ಹಾಕಿದರೆ ಅದೇ 15 ನಿಮಿಷವು ಈ ಮಟ್ಟವನ್ನು ಮುಟ್ಟಿ ದಾಟುತ್ತದೆ. ತೊಳೆಯುವ ಕೆಲಸವನ್ನು ಹಗುರವಾಗಿ ಎಣಿಸಬಾರದೆಂಬುದಕ್ಕೆ ಈ ಸಣ್ಣ ಲೆಕ್ಕವೇ ಸಾಕು.

ತೊಳೆಯದೆ ಆಟೋಕ್ಲೇವಿಗೆ ಹಾಕುವುದರಿಂದ ಮತ್ತೊಂದು ಕೇಡಿದೆ. ಒಣಗಿದ ರಕ್ತವೂ ಬಣ್ಣವೂ ಲೋಹದ ಮೇಲೆ ಬೆಂದು ಗಟ್ಟಿಯಾಗಿ, ಕೆಳಗಿರುವ ಕ್ರಿಮಿಗಳಿಗೆ ಹೊದಿಕೆಯಾಗುತ್ತವೆ. ತಳಹಿಡಿದ ಪಾತ್ರೆಯನ್ನು ತಿಕ್ಕದೆ ಮತ್ತೆ ಒಲೆಯ ಮೇಲಿಟ್ಟಂತೆ. ಆದುದರಿಂದ ಬಳಸಿದ ಕೊಳವೆಯನ್ನೂ ಕೈಹಿಡಿಯನ್ನೂ ಕೂಡಲೆ ನೀರಿನಲ್ಲಿ ನೆನೆಹಾಕಿ, ಬಿಚ್ಚಿ, ಸಾಬೂನಿನ ನೀರಿನಲ್ಲಿ ಕುಂಚದಿಂದ ತಿಕ್ಕಬೇಕು. ಕುಂಚವು ನೀರಿನೊಳಗೇ ಆಡಬೇಕು; ಮೇಲೆ ಆಡಿದರೆ ಕೊಳೆಯ ಹನಿಗಳು ಮುಖಕ್ಕೆ ಸಿಡಿಯುತ್ತವೆ. ಕುಂಚ ಹೋಗದ ಸಂದುಗಳಿಗೆ, ಕಿವಿಗೆ ಕೇಳದ ಶಬ್ದತರಂಗಗಳಿಂದ ನೀರನ್ನು ನಡುಗಿಸಿ ಕೊಳೆಯನ್ನು ಕೀಳುವ ಅಲ್ಟ್ರಾಸಾನಿಕ್ ತೊಟ್ಟಿಗಳಿವೆ. ಅವು ತೊಳೆಯುವ ಸಾಧನಗಳೇ ಹೊರತು ನಿಷ್ಕ್ರಿಮೀಕರಣದ ಸಾಧನಗಳಲ್ಲ. ಆಮೇಲೆ ಒಣಗಿಸಿ, ಆವಿ ನುಗ್ಗಬಲ್ಲ ಕಾಗದದ ಪೊಟ್ಟಣದಲ್ಲಿ ಮುಚ್ಚಿ, ದಿನಾಂಕ ಬರೆದು ಯಂತ್ರದೊಳಗಿಡಬೇಕು. ಪೊಟ್ಟಣಗಳು ಒಣಗಿದ ಮೇಲೆಯೇ ಹೊರತೆಗೆಯಬೇಕು. ಒದ್ದೆ ಕಾಗದವು ಕೈಯ ಕ್ರಿಮಿಯನ್ನು ಬತ್ತಿಯಂತೆ ಒಳಕ್ಕೆ ಹೀರುತ್ತದೆ.

ಇಷ್ಟಾದರೂ ಕೆಲಸ ಸರಿಯಾಯಿತೆಂದು ನಂಬುವುದು ಹೇಗೆ? ಪೊಟ್ಟಣದ ಮೇಲಿನ ಪಟ್ಟಿಯ ಬಣ್ಣ ಬದಲಾದುದನ್ನು ತೋರಿಸಿ ಅಂಗಡಿಯವರು ಸಮಾಧಾನ ಹೇಳುತ್ತಾರೆ. ಪೊಟ್ಟಣವು ಶಾಖಕ್ಕೆ ಸಿಕ್ಕಿತ್ತೆಂಬುದಕ್ಕೆ ಮಾತ್ರ ಅದು ಗುರುತು, ಕ್ರಿಮಿ ಸತ್ತುದಕ್ಕಲ್ಲ. ನಿಜವಾದ ಪರೀಕ್ಷೆಯಲ್ಲಿ, ಮೇಲೆ ಹೇಳಿದ ಗಟ್ಟಿಯಾದ, ಆದರೆ ಮನುಷ್ಯರಿಗೆ ನಿರಪಾಯವಾದ ಬೀಜಾಣುಗಳನ್ನು ಒಂದು ಕಾಗದದ ಚೂರಿನಲ್ಲಿಯೋ ಸಣ್ಣ ಶೀಷೆಯಲ್ಲಿಯೋ ಉಪಕರಣಗಳ ಜೊತೆಗೇ ಆಟೋಕ್ಲೇವಿನಲ್ಲಿಡುತ್ತಾರೆ. ಆಮೇಲೆ ಅವನ್ನು ಪೋಷಕ ದ್ರವದಲ್ಲಿ, 55-60 ಡಿಗ್ರಿಯಲ್ಲಿ ಇಟ್ಟು, ಏನಾದರೂ ಬೆಳೆಯುವುದೋ ಎಂದು ಕಾಯುತ್ತಾರೆ. ಏನೂ ಬೆಳೆಯದಿದ್ದರೆ ಯಂತ್ರ ಸರಿ. ಈ ಪರೀಕ್ಷೆಯನ್ನು ಗೊತ್ತಾದ ಅವಧಿಗೊಮ್ಮೆ ನಡಸಿ ಫಲವನ್ನು ಪುಸ್ತಕದಲ್ಲಿ ಬರೆದಿಡಬೇಕು. ಬಣ್ಣದ ಪಟ್ಟಿಗಿಂತ ಆ ಪುಸ್ತಕವೇ ನಂಬತಕ್ಕ ಸಾಕ್ಷಿ.

ಸೂಜಿಯ ವಿಷಯದಲ್ಲಿ ಮಾತ್ರ ಇನ್ನೂ ಸುಲಭವಾದ ದಾರಿ ಇದೆ: ಒಂದು ಸಲ ಬಳಸಿ ಬಿಸಾಡುವುದು. ಎಥಿಲೀನ್ ಆಕ್ಸೈಡ್ ಎಂಬ ಅನಿಲದಿಂದ ಕಾರ್ಖಾನೆಯಲ್ಲಿಯೇ ನಿಷ್ಕ್ರಿಮೀಕರಣಗೊಂಡು, ಒಂದೊಂದೂ ಬೇರೆ ಬೇರೆ ಪೊಟ್ಟಣದಲ್ಲಿ, ಅವಧಿಯ ದಿನಾಂಕದೊಡನೆ ಬರುವ ಸೂಜಿಗಳು ಈಗ ಎಲ್ಲೆಡೆ ದೊರೆಯುತ್ತವೆ. ಕೊಳವೆ, ಕೈಹಿಡಿಗಳೂ ಅದೇ ರೀತಿ ದೊರೆಯುತ್ತವೆ. ಎಲ್ಲವೂ ಒಂದೇ ಬಳಕೆಯವಾದರೆ ಸಣ್ಣ ಅಂಗಡಿಯವನಿಗೂ ಜಾತ್ರೆಯಲ್ಲಿ ಕುಳಿತು ಹಚ್ಚೆ ಹಾಕುವವನಿಗೂ ಆಟೋಕ್ಲೇವೇ ಬೇಕಾಗುವುದಿಲ್ಲ.

ಆದರೆ “ಸೂಜಿ ಹೊಸದು” ಎಂದ ಮಾತ್ರಕ್ಕೆ ನಿಶ್ಚಿಂತರಾಗಬಾರದು. ಇಲ್ಲಿ ನಮ್ಮ ಮನೆಗಳ ಮಡಿಯನ್ನು ನೆನೆಯುವುದು ಉಪಯುಕ್ತ. ಮಡಿಯುಟ್ಟು ಅಡಿಗೆಗೆ ನಿಂತವರು ಮುಟ್ಟಬಾರದ ವಸ್ತುವನ್ನು ಮುಟ್ಟಿದರೆ ಮಡಿ ಕೆಟ್ಟಿತು. ಬಟ್ಟೆ ಎಷ್ಟು ಬೆಳ್ಳಗಿದ್ದರೂ ಪ್ರಯೋಜನವಿಲ್ಲ. ನಿಷ್ಕ್ರಿಮಿತ್ವವೂ ಇಂಥದೇ. ಹಚ್ಚೆ ಹಾಕುವವನು ಕೈತೊಳೆದು ಹೊಸ ಗ್ಲೌಸು ತೊಟ್ಟು, ಹೊಸ ಸೂಜಿಯಿಂದ ಕೆಲಸಕ್ಕೆ ತೊಡಗಿದನೆನ್ನೋಣ. ನಡುವೆ ಟೆಲಿಫೋನು ಕೂಗಿತು. ಅದೇ ಗ್ಲೌಸಿನ ಕೈಯಿಂದ ಎತ್ತಿಕೊಂಡನು. ಬಣ್ಣ ಮುಗಿಯಿತು, ಅದೇ ಕೈಯಿಂದ ದೊಡ್ಡ ಬಾಟಲನ್ನು ತೆಗೆದನು. ದೀಪವನ್ನು ಸರಿಸಿದನು. ಈಗ ಗಿರಾಕಿಯ ರಕ್ತ ಟೆಲಿಫೋನಿಗೂ ಬಾಟಲಿಗೂ ದೀಪಕ್ಕೂ ತಾಗಿತು. ಅಲ್ಲಿದ್ದ ಕ್ರಿಮಿ ಗಿರಾಕಿಯ ಗಾಯಕ್ಕೆ ಬಂತು. ಮುಂದಿನ ಗಿರಾಕಿಗೆ ಅದೇ ಬಾಟಲು ಕಾದಿದೆ. ಸೂಜಿಯೊಂದು ಹೊಸದಾಗಿದ್ದು ಏನು ಫಲ?

ಆದಕಾರಣ ತಿಳಿದ ಕೆಲಸಗಾರನು ಬೇಕಾದ ಬಣ್ಣವನ್ನು ಮೊದಲೇ ಸಣ್ಣ ಬಟ್ಟಲುಗಳಿಗೆ ಬಗ್ಗಿಸಿಕೊಳ್ಳುತ್ತಾನೆ. ಉಳಿದುದನ್ನು ಬಾಟಲಿಗೆ ಮರಳಿ ಸುರಿಯದೆ ಬಟ್ಟಲೊಡನೆ ಎಸೆಯುತ್ತಾನೆ. ಆಟೋಕ್ಲೇವಿಗೆ ಹಾಕಲಾಗದ ಯಂತ್ರದ ಒಡಲು, ವಿದ್ಯುತ್ತಿನ ತಂತಿ, ನೀರಿನ ಬಾಟಲುಗಳಿಗೆ ಪ್ಲಾಸ್ಟಿಕ್ಕಿನ ಹೊದಿಕೆ ಹಾಕಿ, ಪ್ರತಿ ಗಿರಾಕಿಗೂ ಬದಲಾಯಿಸುತ್ತಾನೆ. ವ್ಯಾಸಲೀನನ್ನು ಡಬ್ಬಿಯಿಂದ ಬೆರಳಿನಲ್ಲಿ ತೆಗೆಯದೆ ಹೊಸ ಕಡ್ಡಿಯಿಂದ ತೆಗೆಯುತ್ತಾನೆ. ಕೂದಲು ತೆಗೆಯಲು ಒಬ್ಬರಿಗೆ ಒಂದೇ ರೇಜರು. ಕೆಲಸ ಮುಗಿದ ಮೇಲೆ ಮೇಜನ್ನು ತೊಳೆದು ಕ್ರಿಮಿನಾಶಕದಿಂದ ಒರೆಸುತ್ತಾನೆ. ರಕ್ತ ಚೆಲ್ಲಿದ್ದರೆ ಅದನ್ನು ಒರೆಸಿ ತೆಗೆದು, ಮನೆಯ ಬ್ಲೀಚು ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಅಂದೇ ಮಾಡಿದ ದ್ರಾವಣವನ್ನು ಸುರಿದು ಹತ್ತು ನಿಮಿಷ ಬಿಡುತ್ತಾನೆ. ಬಳಸಿದ ಸೂಜಿ ಕಸದ ಬುಟ್ಟಿಗಲ್ಲ, ಚುಚ್ಚಿದರೂ ತೂತಾಗದ ಗಟ್ಟಿ ಡಬ್ಬಿಗೆ ಹೋಗಬೇಕು. ಇಲ್ಲವಾದರೆ ಕಸ ಎತ್ತುವ ಪೌರಕಾರ್ಮಿಕರ ಕೈಗೆ ಅದು ಚುಚ್ಚುತ್ತದೆ. ಅವರು ಹಚ್ಚೆಯನ್ನು ಬಯಸಿದವರೂ ಅಲ್ಲ, ಅದರ ಬೆಲೆ ಪಡೆದವರೂ ಅಲ್ಲ.

ಹಳೆಯ ಮಡಿಗೂ ಈ ಮಡಿಗೂ ಒಂದು ದೊಡ್ಡ ಭೇದವುಂಟು. ಈ ಮಡಿ ಯಾರ ಹುಟ್ಟನ್ನೂ ಕೇಳುವುದಿಲ್ಲ, ಯಾರ ಉಡುಪನ್ನೂ ನೋಡುವುದಿಲ್ಲ. ರೋಗವಿರುವವರಲ್ಲಿ ಅನೇಕರಿಗೆ ಅದು ತಮಗಿದೆಯೆಂದೇ ತಿಳಿದಿರುವುದಿಲ್ಲ. ಆದುದರಿಂದ ಶ್ರೀಮಂತನದಾಗಲಿ ಕೂಲಿಯವನದಾಗಲಿ, ಎಲ್ಲರ ರಕ್ತದಲ್ಲಿಯೂ ರೋಗವಿರಬಹುದೆಂದೇ ಭಾವಿಸಿ, ಎಲ್ಲರಿಗೂ ಒಂದೇ ಎಚ್ಚರಿಕೆಯನ್ನು ಸಲ್ಲಿಸುವುದು ಇದರ ಮೂಲಸೂತ್ರ. ಒಬ್ಬರನ್ನು ಶಂಕಿಸಿ ಹಿಂದಕ್ಕೆ ಕಳುಹಿಸುವುದೂ ತಪ್ಪು. ಪರಿಚಿತರೆಂದು ಎಚ್ಚರಿಕೆಯನ್ನು ಸಡಿಲಿಸುವುದೂ ತಪ್ಪು.

ಸೂಜಿ, ಕೈ, ಮೇಜು ಮೂರೂ ಸರಿಯಾಗಿದ್ದರೂ ಬಣ್ಣವೇ ಕೆಟ್ಟಿದ್ದರೆ? 2011ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರ್ ಎಂಬ ಊರಿನಲ್ಲಿ ಹೀಗಾಯಿತು. ಒಬ್ಬನೇ ಕೆಲಸಗಾರನಲ್ಲಿ ಹಚ್ಚೆ ಹಾಕಿಸಿಕೊಂಡ 19 ಮಂದಿಗೆ, ಬೂದುಬಣ್ಣ ಹಾಕಿದ ಭಾಗದಲ್ಲಿ, ವಾಸಿಯಾಗದ ಗುಳ್ಳೆಗಳೆದ್ದವು. ಪರೀಕ್ಷೆಯಲ್ಲಿ ಸಿಕ್ಕಿದುದು ಮೈಕೊಬ್ಯಾಕ್ಟೀರಿಯಂ ಕೆಲೊನೆ, ಕ್ಷಯದ ಕ್ರಿಮಿಗೆ ದೂರದ ಬಂಧುವಾದ, ನೀರಿನಲ್ಲಿಯೂ ಮಣ್ಣಿನಲ್ಲಿಯೂ ಇರುವ ಒಂದು ಜೀವಿ. ತಯಾರಕರಿಂದ ಬಂದಿದ್ದ, ಇನ್ನೂ ತೆರೆಯದ ಬಾಟಲಿನಲ್ಲಿಯೂ ಅದು ಕಂಡುಬಂತು. ಕಪ್ಪು ಬಣ್ಣವನ್ನು ತೆಳುಮಾಡಿ ಬೂದುಮಾಡಬೇಕಾದರೆ ನೀರು ಬೇಕು. ನೀರಿನೊಡನೆ ಕ್ರಿಮಿಯೂ ಬರಬಹುದು. ಕೊಳಾಯಿಯ ನೀರಂತೂ ಸಲ್ಲದು. ಬಟ್ಟಿಯಿಳಿಸಿದ ನೀರೂ ನಿಷ್ಕ್ರಿಮಿಯಾಗಿರಬೇಕೆಂಬ ನಿಯಮವಿಲ್ಲ. ನಿಷ್ಕ್ರಿಮಿಯೆಂದು ಮುದ್ರೆಯಿರುವ ನೀರನ್ನೇ ಬಳಸಬೇಕು.

ಕೆಲಸಗಾರನ ಕರ್ತವ್ಯ ಹೀಗಿದ್ದರೆ ಗಿರಾಕಿಯ ಕರ್ತವ್ಯವೂ ಉಂಟು. ಬಿ ಕಾಮಾಲೆಗೆ ಒಳ್ಳೆಯ ಲಸಿಕೆಯಿದೆ. ಸಾಮಾನ್ಯವಾಗಿ ಆರು ತಿಂಗಳ ಅವಧಿಯಲ್ಲಿ ಮೂರು ಸಲ ಕೊಡುತ್ತಾರೆ. ನಮ್ಮ ದೇಶದ ಮಕ್ಕಳ ಲಸಿಕೆಯ ಪಟ್ಟಿಗೆ ಇದು 2002-03ರಲ್ಲಿ ಕೆಲವೆಡೆ ಸೇರಿ, 2011ರ ಹೊತ್ತಿಗೆ ಎಲ್ಲೆಡೆಗೆ ಹಬ್ಬಿತು. ಅದಕ್ಕೆ ಮುಂಚೆ ಹುಟ್ಟಿದ ತರುಣರಲ್ಲಿ ಅನೇಕರು ಅದನ್ನು ಪಡೆದಿಲ್ಲ. ಹಚ್ಚೆಗೆ ಮುನ್ನ ಪಡೆಯುವುದು ಲೇಸು. ಹಚ್ಚೆ ಹಾಕುವವರಂತೂ ತಪ್ಪದೆ ಪಡೆದಿರಬೇಕು. ಸಿ ಕಾಮಾಲೆಗೆ ಲಸಿಕೆಯಿಲ್ಲ. ಈಗ ಗುಣಪಡಿಸುವ ಮಾತ್ರೆಗಳಿದ್ದರೂ, ರೋಗವು ವರ್ಷಗಟ್ಟಲೆ ಸದ್ದಿಲ್ಲದೆ ಯಕೃತ್ತನ್ನು ತಿನ್ನುವುದರಿಂದ ಹೊತ್ತಿಗೆ ಸರಿಯಾಗಿ ಕಂಡುಹಿಡಿಯುವುದೇ ಕಷ್ಟ. ಹಚ್ಚೆ ಹಾಕಿಸಿಕೊಂಡವರಿಂದ ಒಂದು ವರ್ಷ ರಕ್ತದಾನವನ್ನು ಸ್ವೀಕರಿಸದಿರುವ ನಿಯಮವೂ ಇಂಥ ರೋಗಗಳ ದೆಸೆಯಿಂದ ಬಂದದ್ದು.

ಅಂಗಡಿಗೆ ಹೋದಾಗ ಕೇಳತಕ್ಕ ಮಾತುಗಳು ಹೆಚ್ಚಲ್ಲ. ಸೂಜಿಯ ಪೊಟ್ಟಣವನ್ನು ನನ್ನೆದುರಿಗೆ ಒಡೆಯುವಿರಾ? ಅದರ ಅವಧಿ ಮುಗಿದಿಲ್ಲವಷ್ಟೆ? ಕೊಳವೆಯೂ ಕೈಹಿಡಿಯೂ ಒಂದೇ ಬಳಕೆಯವೇ, ಅಲ್ಲವಾದರೆ ಆಟೋಕ್ಲೇವಿನ ಪರೀಕ್ಷೆಯ ಪುಸ್ತಕವೆಲ್ಲಿ? ಬಣ್ಣದ ಬಟ್ಟಲು ಹೊಸದೇ? ಕೈತೊಳೆಯಲು ಇಲ್ಲಿ ನೀರೂ ಸಾಬೂನೂ ಇವೆಯೇ? ಹೀಗೆ ಕೇಳುವುದರಲ್ಲಿ ಸಂಕೋಚಪಡಬೇಕಾದ್ದಿಲ್ಲ. ತಕ್ಕಡಿಯ ಮುಳ್ಳನ್ನು ನೋಡಿ ತರಕಾರಿ ಕೊಳ್ಳುವವರು ನಾವು. ರಕ್ತವನ್ನು ಮುಟ್ಟುವ ವಸ್ತುವಿನ ವಿಷಯದಲ್ಲಿ ದಾಕ್ಷಿಣ್ಯವೇಕೆ? ತಿಳಿದ ಕೆಲಸಗಾರನು ಈ ಪ್ರಶ್ನೆಗಳಿಂದ ಸಂತೋಷಪಡುತ್ತಾನೆ. ಮುಖ ಗಂಟಿಕ್ಕುವವನ ಅಂಗಡಿಯಿಂದ ಎದ್ದುಬರುವುದೇ ಸರಿ.

ಹಚ್ಚೆ ಹಾಕಿಸಿಕೊಂಡ ಮೇಲೆ ಅದು ಮಾಯುವವರೆಗೆ ಗಾಯವೆಂದೇ ತಿಳಿದು ನಡೆಯಬೇಕು. ಶುದ್ಧವಾದ ಕೈಯಿಂದ ಮೆಲ್ಲನೆ ತೊಳೆಯಬೇಕು, ಎರಡು ಮೂರು ವಾರ ಕೆರೆ, ಹೊಳೆ, ಈಜುಕೊಳಗಳಲ್ಲಿ ಮುಳುಗಬಾರದು, ಹಕ್ಕಳೆಯನ್ನು ಕೀಳಬಾರದು. ಕೆಂಪು ಹಬ್ಬುತ್ತ ಹೋದರೆ, ಕೀವು ಕಂಡರೆ, ಜ್ವರ ಬಂದರೆ, ಗುಳ್ಳೆಗಳು ವಾರಗಳಾದರೂ ಹೋಗದಿದ್ದರೆ, ಅಂಗಡಿಯವನ ಸಲಹೆಗೆ ಕಾಯದೆ ವೈದ್ಯರನ್ನು ಕಾಣಬೇಕು.

ಕೊರವಂಜಿಯ ಸೂಜಿಗಾಗಲಿ ಇಂದಿನ ವಿದ್ಯುದ್ಯಂತ್ರಕ್ಕಾಗಲಿ ತಾನಾಗಿ ದೋಷವಿಲ್ಲ. ಒಬ್ಬರಿಂದ ಒಬ್ಬರಿಗೆ ಹೋಗುವ ದಾರಿಯಲ್ಲಿ ಅದು ಶುದ್ಧವಾಯಿತೇ ಇಲ್ಲವೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹಚ್ಚೆಯ ಚಿತ್ರ ಬೇಸರವಾದರೆ ಇಂದು ಲೇಸರ್ ಕಿರಣದಿಂದ ಅದನ್ನು ಬಹುಮಟ್ಟಿಗೆ ಅಳಿಸಬಹುದು. ಅದರೊಡನೆ ಬಂದ ಬಿ ಕಾಮಾಲೆಯು ಮೈಯಲ್ಲಿ ನೆಲೆಯೂರಿದರೆ ಅಷ್ಟು ಸುಲಭವಾಗಿ ಹೋಗದು. ಚಿತ್ರವನ್ನು ಆರಿಸುವುದಕ್ಕೆ ತಿಂಗಳುಗಟ್ಟಲೆ ಯೋಚಿಸುವ ತರುಣರು, ಪೊಟ್ಟಣದ ದಿನಾಂಕವನ್ನು ಓದುವುದಕ್ಕೆ ಒಂದು ನಿಮಿಷವನ್ನೂ ಕೊಡಲಿ.